ಪುಣ್ಯಕೋಟಿ ವಾಪಸ್ ಹೋಗಬಾರದಿತ್ತು

ನಾನು ಏಳನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಮೊದಲ ಸಲ ‘ಗೋವಿನ ಹಾಡಿನ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ’ ಅಂದಾಗ 38 ನೋಟ್‌ಬುಕ್ ಬಂದವು. ಒಳಗಿದ್ದದ್ದು ಮಾತ್ರ ಒಂದೇ ಪ್ರಬಂಧ. ಪೀಠಿಕೆಯಲ್ಲಿ ಒಂದು ಗಾದೆ, ನಡುವೆ ಕಥೆಯ ಸಾರಾಂಶ, ಉಪಸಂಹಾರದಲ್ಲಿ ‘ಸತ್ಯಕ್ಕೆ ಸಾವಿಲ್ಲ’.

ತಪ್ಪು ನನ್ನದೇ. ಪುಣ್ಯಕೋಟಿ ಒಳ್ಳೆಯವಳು ಅಂದರೆ ಯಾರು ತಾನೇ ಅಲ್ಲ ಅಂತಾರೆ?

ಮುಂದಿನ ವರ್ಷ ಪ್ರಶ್ನೆ ಬದಲಿಸಿದೆ. ಎಳೆ ಕರುವನ್ನು ಬಿಟ್ಟು ಹುಲಿಯ ಹತ್ತಿರ ವಾಪಸ್ ಹೋದದ್ದು ಸರಿಯೇ? ಸರಿ ಅನ್ನುವವರು ಕಿಟಕಿ ಕಡೆ, ತಪ್ಪು ಅನ್ನುವವರು ಬಾಗಿಲ ಕಡೆ ನಿಲ್ಲಿ ಅಂದೆ. ಬಾಗಿಲ ಕಡೆ ಬಂದವರು ಐದೇ ಜನ. ಸತ್ಯದ ವಿರುದ್ಧ ನಿಲ್ಲಬೇಕಲ್ಲ, ಪಾಪ. ನಾನೂ ಹೋಗಿ ಅವರ ಜೊತೆ ನಿಂತೆ. ತಕ್ಷಣ ಇನ್ನೂ ಹತ್ತು ಜನ ಓಡಿ ಬಂದರು! ಟೀಚರ್ ಇದ್ದ ಕಡೆ ವಾಲುವುದು ಬೇರೆಯದೇ ರೋಗ. ಈಗ ನಾನು ಸುಮ್ನೆ ನಡುವೆ ನಿಲ್ಲುತ್ತೇನೆ.

ಬಾಯಲ್ಲಿ ಜೋರಾಗಿ ವಾದ ಮಾಡಿದವರೇ ಪೆನ್ನು ಹಿಡಿದ ಕೂಡಲೇ ಮತ್ತೆ ಗಾದೆಗೆ ಹೋದರು. ಅದಕ್ಕೆ ಒಂದು ನಿಯಮ ಮಾಡಿದೆ: ಮೊದಲ ವಾಕ್ಯ ಕೇಳಿದ ಪಕ್ಕದವರಿಗೆ ‘ಅಲ್ಲ’ ಅನ್ನಲು ಆಗಬೇಕು. ಆಗದಿದ್ದರೆ ಹೊಡೆದುಹಾಕಿ ಬೇರೆ ಬರೆಯಬೇಕು.

ಎರಡನೆಯದು ಸಾಕ್ಷಿ. ‘ಪದ್ಯದಲ್ಲಿ ಎಲ್ಲಿದೆ?’ ಅಂತ ಕೇಳಿದರೆ ಒಬ್ಬ ಮೂರು ಚರಣ ಇಡೀ ಕಾಪಿ ಮಾಡಿ, ‘ಇಲ್ಲೇ ಇದೆ ಟೀಚರ್’ ಅಂದ. ಆಮೇಲಿಂದ ಎರಡು ಸಾಲಿಗಿಂತ ಜಾಸ್ತಿ ಎತ್ತಿ ಬರೆಯುವಂತಿಲ್ಲ. ಅದರ ಕೆಳಗೆ ‘ಇದರಿಂದ ಗೊತ್ತಾಗುವುದೇನೆಂದರೆ’ ಅಂತ ಶುರುಮಾಡಿ ಎರಡು ವಾಕ್ಯ ಸ್ವಂತದ್ದು ಇರಲೇಬೇಕು. ಎಲ್ಲರೂ ಹಾಗೇ ಬರೆದಾಗ ಓದಲು ಬೇಜಾರು, ನಿಜ. ನಡಿಗೆ ಬಂದ ಮೇಲೆ ಊರುಗೋಲು ಬಿಡಿಸುತ್ತೇನೆ. ಇದು ಜನಪದ ಹಾಡಾದ್ದರಿಂದ ‘ನಮ್ಮಜ್ಜಿ ಬೇರೆ ಥರ ಹಾಡ್ತಾರೆ’ ಅನ್ನುವವರೂ ಇರುತ್ತಾರೆ. ಹಾಡಿಸಿ ಕೇಳುತ್ತೇವೆ. ವಾದ ಮಾತ್ರ ಎಲ್ಲರ ಮುಂದಿರುವ ಅಚ್ಚಿನ ಪದ್ಯದ ಮೇಲೆ.

ನಿಜವಾದ ಕೆಲಸ ಆದದ್ದು ನೋಟ್‌ಬುಕ್ ಅದಲು ಬದಲು ಮಾಡಿದಾಗ. ಕಿಟಕಿ ಕಡೆಯವರು ಬಾಗಿಲ ಕಡೆಯವರ ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಆಕ್ಷೇಪ ಬರೆಯಬೇಕು, ಅವರ ಪುಟದಲ್ಲಿ ಇವರು. ಅದಕ್ಕೆ ಉತ್ತರ ಪ್ರಬಂಧದ ಒಳಗೇ ಬರಬೇಕು.

ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿಯೊಬ್ಬಳು ‘ಪುಣ್ಯಕೋಟಿ ಹೋಗಬಾರದಿತ್ತು’ ಅಂತ ಬರೆದಿದ್ದಳು. ‘ಆರ ಮೊಲೆಯನು ಕುಡಿಯಲಮ್ಮ’ ಅಂತ ಕರು ಕೇಳುವುದೇ ಅವಳ ಸಾಕ್ಷಿ. ಕೆಳಗೆ ಒಬ್ಬ ಹುಡುಗ ಗೀಚಿದ್ದ: ‘ಬೇರೆ ಹಸುಗಳಿಗೆ ಒಪ್ಪಿಸಿ ಹೋದಳಲ್ಲ.’ ಒಳ್ಳೆಯ ಏಟು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಅವಳು ಪದ್ಯಕ್ಕೆ ವಾಪಸ್ ಹೋದಳು. ಮಾರನೆಯ ದಿನ ಬರೆದು ತಂದದ್ದು ಹೀಗಿತ್ತು: ‘“ಮುಂದೆ ಬಂದರೆ ಹಾಯಬೇಡಿರಿ, ಹಿಂದೆ ಬಂದರೆ ಒದೆಯಬೇಡಿರಿ” ಅಂತ ಪುಣ್ಯಕೋಟಿ ಬೇಡಿಕೊಳ್ಳುತ್ತಾಳೆ. ಇದರಿಂದ ಗೊತ್ತಾಗುವುದೇನೆಂದರೆ ಅವರು ಹಾಯುತ್ತಾರೆ, ಒದೆಯುತ್ತಾರೆ ಅನ್ನುವ ಹೆದರಿಕೆ ಅವಳಿಗೇ ಇತ್ತು.’

ಎಷ್ಟೋ ವರ್ಷದಿಂದ ಈ ಪದ್ಯ ಪಾಠ ಮಾಡುತ್ತಿದ್ದೇನೆ. ಆ ಸಾಲನ್ನು ಹಾಗೆ ಓದಿರಲೇ ಇಲ್ಲ. ಆ ಪುಟದಲ್ಲಿ 11 ಕಾಗುಣಿತ ತಪ್ಪು ಇದ್ದವು. ಹಳೆಯ ನಾನಾಗಿದ್ದರೆ ಕೆಂಪು ಪೆನ್ನಿಂದ ಸುತ್ತು ಹಾಕಿ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ. ಈಗ ಮೊದಲ ಸಲ ವಾದ ಮಾತ್ರ ನೋಡುತ್ತೇನೆ. ಕಾಗುಣಿತ ಎರಡನೇ ಪ್ರತಿಗೆ.

ಹುಡುಗ ಬಿಡಲಿಲ್ಲ. ‘ಕೊನೆಗೆ ಹುಲಿನೇ ಸತ್ತುಹೋಯ್ತಲ್ಲ, ಕರುಗೆ ಅಮ್ಮ ಸಿಕ್ಕಿದ್ಲಲ್ಲ?’

‘ಹುಲಿ ಸಾಯುತ್ತೆ ಅಂತ ಹೊರಡುವಾಗ ಅವಳಿಗೆ ಗೊತ್ತಿತ್ತಾ?’ ಅಂದಳು.

ಅವನು ಪುಸ್ತಕ ತೆಗೆದು ಹುಡುಕಲು ಕೂತ.