ಚಳಿಗಾಲದಲ್ಲಿ ನಮ್ಮ ತೋಟದ ಕೆರೆಯ ಮೀನು

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ತೋಟದ ತಗ್ಗಿನಲ್ಲಿ ಹನ್ನೆರಡು ಗುಂಟೆಯ ಕೆರೆ ಇದೆ. ರೊಬಸ್ಟಾ ಕಾಫಿ ಗಿಡ ಹೂ ಬಿಡಲು ನೀರು ಬೇಕು ಅಂತ ಮಾವನವರು ತೆಗೆಸಿದ್ದು. ಮಳೆಗಾಲ ಮುಗಿದಾಗ ನಡುವೆ 11 ಅಡಿ ನೀರು ನಿಂತಿರುತ್ತದೆ. ಫೆಬ್ರವರಿವರೆಗೆ ಆ ನೀರಿಗೆ ಬೇರೆ ಕೆಲಸವಿಲ್ಲ. ಸುಮ್ನೆ ನಿಂತ ನೀರಲ್ಲಿ ಮೀನು ಬಿಡೋಣ ಅಂತ ಹೊರಟೆ. ಎಲ್ಲರೂ ಹೇಳಿದ್ದು ಒಂದೇ ಮಾತು: "ನಮ್ಮ ಚಳಿಗೆ ಮೀನು ಉಳಿಯಲ್ಲ."

ಮೊದಲ ವರ್ಷ ಆಗಸ್ಟ್‌ನಲ್ಲಿ 600 ಮರಿ ಬಿಟ್ಟೆ. ಅದರಲ್ಲಿ 200 ರೂಪ್‌ಚಂದ್. ಉಳಿದವು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ರೂಪ್‌ಚಂದ್ ಬೇಗ ತೂಕ ಬರುತ್ತದೆ ಅನ್ನುವ ಆಸೆ. ನವೆಂಬರ್‌ವರೆಗೆ ಹಾಗೇ ಬಂತು. ಡಿಸೆಂಬರ್ ನಡುವೆ ಅವು ಮೇವು ಬಿಟ್ಟವು. ಆಮೇಲೆ ದಡದಲ್ಲಿ ಓರೆಯಾಗಿ ತೇಲತೊಡಗಿದವು. ಮೈ ಮೇಲೆ ಹತ್ತಿ ಅಂಟಿಸಿದ ಹಾಗೆ ಬಿಳಿ ಬೂಷ್ಟು. ಜನವರಿ ಮುಗಿಯುವಷ್ಟರಲ್ಲಿ ಒಂದೂ ಇರಲಿಲ್ಲ. ಅದು ದಕ್ಷಿಣ ಅಮೆರಿಕದ ಬಿಸಿ ನದಿಗಳ ಮೀನು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಆದರೆ ಅದೇ ನೀರಲ್ಲಿ ಗೆಂಡೆ ಮೀನುಗಳು ಆರಾಮಾಗಿ ಕೆಸರು ಕೆದಕುತ್ತಿದ್ದವು. ಯುರೋಪಿನಲ್ಲಿ ಈ ಗೆಂಡೆ ಮಂಜುಗಡ್ಡೆಯ ಕೆಳಗೂ ಚಳಿಗಾಲ ಕಳೆಯುತ್ತದೆ. ನಮ್ಮ ಚಳಿ ಅದಕ್ಕೆ ಯಾವ ಲೆಕ್ಕ! ಕಾಟ್ಲಾ, ರೋಹು ಮಾತ್ರ ಮಂಕಾದವು. ಅವು ಚೆನ್ನಾಗಿ ಬೆಳೆಯುವುದು 25ರಿಂದ 30 ಡಿಗ್ರಿ ನೀರಿನಲ್ಲಿ. ನೀರು 20ಕ್ಕಿಂತ ತಣ್ಣಗಾದರೆ ಹಸಿವು ಕಡಿಮೆ, ಬೆಳವಣಿಗೆಯೂ ಇಲ್ಲ ಅನ್ನುವಷ್ಟು. ಆದರೆ ಸಾಯಲಿಲ್ಲ.

ಎರಡನೇ ವರ್ಷ ರೂಪ್‌ಚಂದ್ ತರಲೇ ಇಲ್ಲ. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಥರ್ಮಾಮೀಟರ್ ತಂದು, ಕಲ್ಲಿನ ಜೊತೆ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟೆ. ದಿನಾ ಬೆಳಿಗ್ಗೆ ನೋಡಿ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆ. ಇದೊಂದು ಅಭ್ಯಾಸ ಮಾಡಿಕೊಳ್ಳದಿದ್ದರೆ ಮುಂದಿನದು ನನಗೆ ಅರ್ಥವೇ ಆಗುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಕೆರೆ ಹತ್ತಿರ ಹೋದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ದಡದಲ್ಲಿ ಅರವತ್ತು ಎಪ್ಪತ್ತು ಹೊಟ್ಟೆ ಮೇಲಾಗಿ ಬಿದ್ದಿವೆ. ಅದರಲ್ಲೂ ದೊಡ್ಡವೇ ಜಾಸ್ತಿ. ಕೈಕಾಲು ಆಡಲಿಲ್ಲ. ತೋಟದ ಕೆಲಸದವನು ನೋಡಿ, "ರಾತ್ರಿ ಚಳಿ ಜೋರಿತ್ತಲ್ಲಮ್ಮಾ, ಅದಕ್ಕೇ" ಅಂದ. ನಾನೂ ಹಾಗೇ ಅಂದುಕೊಂಡೆ. ಹಗ್ಗ ಎಳೆದು ನೋಡಿದರೆ 19 ಡಿಗ್ರಿ. ಹಿಂದಿನ ವಾರ 18 ಇತ್ತು. ಆಗ ಒಂದೂ ಸತ್ತಿರಲಿಲ್ಲ!

ಕೆರೆಯ ಮೇಲಿನ ಮೂಲೆಗೆ ಹೋದಾಗ ಹುಳಿ ವಾಸನೆ ಬಂತು. ಅದನ್ನೇ ಹಿಡಿದು ಮೇಲೆ ಹತ್ತಿದೆ. ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಆಗ ಜೋರಾಗಿತ್ತು. ಎರಡು ದಿನ ಹಣ್ಣು ಜಾಸ್ತಿ ಬಂದು, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ, ಅಂದರೆ ಪಲ್ಪರ್‌ನ, ಕೊಳೆ ನೀರಿನ ಗುಂಡಿ ತುಂಬಿತ್ತು. ರಾತ್ರಿ ಅದು ಉಕ್ಕಿ, ದಾರಿ ಪಕ್ಕದ ಚರಂಡಿ ಹಿಡಿದು ಕೆರೆಗೆ ಇಳಿದಿತ್ತು. ಆ ನೀರಲ್ಲಿ ಹಣ್ಣಿನ ಸಕ್ಕರೆ, ಲೋಳೆ ಎಲ್ಲ ಇರುತ್ತದೆ. ಹುಳಿಯಾಗುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು ಸತ್ತಿದ್ದು ಉಸಿರು ಕಟ್ಟಿ. ನಮ್ಮ ಕಡೆ ಪಲ್ಪಿಂಗ್ ನಡೆಯುವುದೇ ಚಳಿಗಾಲದಲ್ಲಿ. ಹಾಗಾಗಿ ಎಷ್ಟು ಕೆರೆಗಳಲ್ಲಿ ಈ ತಪ್ಪು ಚಳಿಯ ಮೇಲೆ ಹೋಗಿದೆಯೋ ಅನ್ನಿಸುತ್ತದೆ.

ಹಿಮ ಬೀಳುವ ದೇಶಗಳ ಕೆರೆಗಳಲ್ಲೂ ಬಹುಪಾಲು ಸಾವು ಉಸಿರಿನ ಕೊರತೆಯಿಂದಲೇ. ಮಂಜುಗಡ್ಡೆಯ ಮೇಲೆ ಹಿಮ ಕೂತು ಬೆಳಕು ನಿಂತರೆ ನೀರಿನ ಪಾಚಿ ಆಮ್ಲಜನಕ ಕೊಡುವುದಿಲ್ಲ. ಮೇಲಿನ ಗಾಳಿಯೂ ಒಳಗೆ ಸೇರುವುದಿಲ್ಲ.

ಅವತ್ತು ಚರಂಡಿಗೆ ಮಣ್ಣಿನ ಚೀಲ ಒಟ್ಟಿಸಿದೆ. ಡೀಸೆಲ್ ಪಂಪ್ ಹಾಕಿ, ಕೆರೆಯ ನೀರನ್ನೇ ಎತ್ತಿ ಸ್ಪ್ರಿಂಕ್ಲರ್‌ನಿಂದ ಕೆರೆಗೇ ಮಳೆಯ ಹಾಗೆ ಬೀಳಿಸಿದೆ. ಮೂರು ರಾತ್ರಿ ಪಂಪ್ ನಿಲ್ಲಿಸಲಿಲ್ಲ. ಆದರೂ ಒಟ್ಟು 180 ಮೀನು ಹೋದವು. ಉಳಿದವು ಬದುಕಿದವು.

ಮೂರನೇ ಚಳಿಗಾಲಕ್ಕೆ ಮೊದಲು ಮಾಡಿಸಿದ್ದು ಪಲ್ಪರ್ ಗುಂಡಿ. ಎರಡು ಪಟ್ಟು ದೊಡ್ಡದು, ಕೆರೆಗೆ ಬೆನ್ನು ಮಾಡಿದ ಇಳಿಜಾರಿನಲ್ಲಿ. ಕೆರೆ ಸುತ್ತ ಮೊಣಕಾಲೆತ್ತರ ಮಣ್ಣಿನ ಏರಿ. ನೆರಳಿನ ಮರಗಳ ಎಲೆಯನ್ನು ವಾರಕ್ಕೊಮ್ಮೆ ಬಲೆಯಲ್ಲಿ ಎಳೆದು ತೆಗೆಯುತ್ತೇವೆ. ಬಿಟ್ಟರೆ ಅದೂ ತಳದಲ್ಲಿ ಕೊಳೆಯುತ್ತದೆ.

ಮೇವಿನ ಕ್ರಮ ಬದಲಾಯಿಸಿದೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಕಲಸಿ, ತೂತು ಮಾಡಿದ ಗೊಬ್ಬರದ ಚೀಲದಲ್ಲಿ ಬಿದಿರಿಗೆ ಕಟ್ಟಿ ಇಳಿಬಿಡುತ್ತೇನೆ. ಮೊದಲೆಲ್ಲ ಬೆಳಿಗ್ಗೆ ಏಳಕ್ಕೆ ಹಾಕುತ್ತಿದ್ದೆ. ತಣ್ಣನೆ ನೀರಲ್ಲಿ ಮೀನು ಅದನ್ನು ಮುಟ್ಟುವುದೇ ಇಲ್ಲ. ಈಗ ಬಿಸಿಲು ಏರಿ, ಹನ್ನೊಂದು ಗಂಟೆ ಮೇಲೆ. ಡಿಸೆಂಬರ್, ಜನವರಿಯಲ್ಲಿ ಅರ್ಧದಷ್ಟೇ. ಸಂಜೆ ಚೀಲದಲ್ಲಿ ಮೇವು ಉಳಿದಿದ್ದರೆ ಮರುದಿನ ಇನ್ನೂ ಕಡಿಮೆ. ಮೋಡ ಮುಚ್ಚಿದ ದಿನ ಕೊಡುವುದೇ ಇಲ್ಲ. ಹಸಿ ಸಗಣಿಯನ್ನೂ ಆ ಎರಡು ತಿಂಗಳು ಹಾಕುವುದಿಲ್ಲ.

ಹುಣ್ಣು ರೋಗದ ಬಗ್ಗೆ ಹೇಳಲೇಬೇಕು. ಮೈ ಮೇಲೆ ಕೆಂಪು ಚುಕ್ಕೆ ಬಂದು, ಆಮೇಲೆ ಆಳವಾದ ಗಾಯವಾಗುತ್ತದೆ. ಇದು 1988ರಲ್ಲಿ ಈಶಾನ್ಯ ಭಾರತದ ಮೂಲಕ ನಮ್ಮ ದೇಶಕ್ಕೆ ಬಂದ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯ ರೋಗ. ನೀರು ತಣ್ಣಗಾದಾಗಲೇ ಏಳುತ್ತದೆ. ಮಲೆನಾಡಿನ ಮಣ್ಣು ಮೊದಲೇ ಹುಳಿ. ಅದಕ್ಕೇ ನವೆಂಬರ್‌ನಲ್ಲಿ ಕಾಫಿಗೆ ತಂದ ಸುಣ್ಣದಲ್ಲೇ ಸ್ವಲ್ಪ ಎತ್ತಿಟ್ಟು, ನೀರಲ್ಲಿ ಕದಡಿ, ನಾಲ್ಕೈದು ಕಂತಿನಲ್ಲಿ ಕೆರೆಗೆ ಎರಚುತ್ತೇನೆ. ಒಂದೇ ಸಲ ಸುರಿಯಬಾರದು. ಭುವನೇಶ್ವರದ ಸಿಹಿನೀರು ಮೀನುಗಾರಿಕೆ ಸಂಸ್ಥೆ ಕಂಡುಹಿಡಿದ ಸಿಫಾಕ್ಸ್ ಔಷಧಿ ಇದಕ್ಕೆ ಇದೆ. ಹೆಕ್ಟೇರಿಗೆ, ಒಂದು ಮೀಟರ್ ಆಳಕ್ಕೆ ಒಂದು ಲೀಟರ್ ಲೆಕ್ಕ. ನಮಗೆ ಇನ್ನೂ ಬೇಕಾಗಿಲ್ಲ. ತೂಕ ನೋಡೋಣ ಅಂತ ಚಳಿಯಲ್ಲಿ ಬಲೆ ಎಳೆಯುವ ಚಪಲ ಮಾತ್ರ ಬೇಡ. ಹುರುಪೆ ಕಿತ್ತ ಜಾಗಕ್ಕೇ ಬೂಷ್ಟು ಹಿಡಿಯುತ್ತದೆ.

ಆ ವರ್ಷ ಚಳಿಗಾಲದಲ್ಲಿ ಸತ್ತು ಸಿಕ್ಕಿದ್ದು ಒಂಬತ್ತು. ನೀರುಕಾಗೆ, ನೀರುನಾಯಿ ತಿಂದದ್ದರ ಲೆಕ್ಕ ಬೇರೆ. ಫೆಬ್ರವರಿ ಕೊನೆಗೆ, ಸ್ಪ್ರಿಂಕ್ಲರ್ ಶುರುವಾಗುವ ಮೊದಲು ಬಲೆ ಹಾಕಿದೆವು. 600ರಲ್ಲಿ 431 ಸಿಕ್ಕವು. ಗೆಂಡೆ ಮುಕ್ಕಾಲು ಕೆಜಿ ದಾಟಿತ್ತು. ಕಾಟ್ಲಾ ಅರ್ಧ ಕೆಜಿಯ ಆಸುಪಾಸು. ಸಣ್ಣ ಕಾಟ್ಲಾಗಳನ್ನು ವಾಪಸ್ ಬಿಟ್ಟೆ, ಬೇಸಿಗೆಯ ಬಿಸಿ ನೀರಲ್ಲಿ ಅವು ಬೆಳೆಯಲಿ ಅಂತ. ಈಗ ಪಂಪಿನ ಫುಟ್‌ವಾಲ್ವನ್ನು, ಅಂದರೆ ನೀರೆಳೆಯುವ ಪೈಪಿನ ತುದಿಯನ್ನು, ಖಾಲಿ ಡ್ರಮ್‌ಗೆ ಕಟ್ಟಿ ತೇಲಿಸಿದ್ದೇನೆ. ಕೆರೆಯಲ್ಲಿ ಐದು ಅಡಿ ನೀರು ಉಳಿದಾಗ ಪಂಪ್ ನಿಲ್ಲಿಸಬೇಕು ಅಂತ ಮನೆಯವರ ಹತ್ತಿರ ಮಾತು ತೆಗೆದುಕೊಂಡಿದ್ದೇನೆ.