ವಾಸ್ತುಶಿಲ್ಪ ವಿಭಾಗದ ಸಿಬ್ಬಂದಿ ಮತ್ತು ಸೌಲಭ್ಯ: ನಾನು ಅಳೆದ ಬಗೆ

ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗಗಳನ್ನು ಪರಿಶೀಲಿಸಿ ವರದಿ ಕೊಡುವ ಸಮಿತಿಗಳಲ್ಲಿ ಸಿಬ್ಬಂದಿ ಮತ್ತು ಸೌಲಭ್ಯಗಳ ಭಾಗವನ್ನು ನಾನು ನೋಡಿಕೊಂಡಿದ್ದೇನೆ. ಪರಿಶೀಲನೆಗೆ ಮುನ್ನ ವಿಭಾಗದಿಂದ ಎರಡು ಪಟ್ಟಿಗಳು ಬರುತ್ತವೆ: ಅಧ್ಯಾಪಕರದೊಂದು, ಕೊಠಡಿ ಮತ್ತು ಉಪಕರಣಗಳದೊಂದು. ಬೇರೆಬೇರೆಯಾಗಿ ಓದಿದರೆ ಎರಡರಲ್ಲೂ ದೊಡ್ಡ ಕೊರತೆ ಕಾಣದಿರಬಹುದು. ಆದರೆ ಅವೆರಡನ್ನೂ ವಾರದ ವೇಳಾಪಟ್ಟಿಯ ಜೊತೆಗಿಟ್ಟು ನೋಡಿದಾಗ, ಯಾವ ಕೊಠಡಿಯಲ್ಲಿ ಯಾವ ಹೊತ್ತಿಗೆ ಯಾರಿರುತ್ತಾರೆ, ವಿದ್ಯಾರ್ಥಿಗೆ ಕೊನೆಗೆ ದಕ್ಕುವುದೆಷ್ಟು ಎಂಬುದು ತಿಳಿಯತೊಡಗುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ವೇಳಾಪಟ್ಟಿಯನ್ನೇ.

ಈ ಶಿಕ್ಷಣದ ನಡುಗಂಬ ಸ್ಟುಡಿಯೊ, ಅಂದರೆ ವಿದ್ಯಾರ್ಥಿ ವಿನ್ಯಾಸ ಮಾಡುತ್ತ ಅಧ್ಯಾಪಕರೊಂದಿಗೆ ಚರ್ಚಿಸುವ ತರಗತಿ. ಯುನೆಸ್ಕೊ ಮತ್ತು ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 1996ರಲ್ಲಿ ರೂಪಿಸಿ, ಮುಂದೆ ಪರಿಷ್ಕರಿಸಿದ ವಾಸ್ತುಶಿಲ್ಪ ಶಿಕ್ಷಣದ ಸನ್ನದು, ಅಧ್ಯಾಪಕ ಮತ್ತು ವಿದ್ಯಾರ್ಥಿ ನೇರವಾಗಿ ಮಾತನಾಡುತ್ತ ನಡೆಸುವ ವೈಯಕ್ತಿಕ ವಿನ್ಯಾಸದ ಕೆಲಸವು ಪಠ್ಯಕ್ರಮದ ಸುಮಾರು ಅರ್ಧದಷ್ಟಿರಬೇಕೆಂದು ಹೇಳುತ್ತದೆ. ಈ ಮಾತನ್ನು ಒಪ್ಪಿದ ಮೇಲೆ ಅಧ್ಯಾಪಕರ ಸಂಖ್ಯೆಯನ್ನು ನಿಮಿಷಗಳಾಗಿ ಪರಿವರ್ತಿಸಿ ನೋಡದೆ ಬೇರೆ ದಾರಿಯಿಲ್ಲ. ನಾಲ್ಕು ಗಂಟೆಯ ಸ್ಟುಡಿಯೊ ಎಂದರೆ 240 ನಿಮಿಷ. ಒಬ್ಬ ಅಧ್ಯಾಪಕರಿಗೆ 12 ವಿದ್ಯಾರ್ಥಿಗಳಿದ್ದರೆ ತಲಾ 20 ನಿಮಿಷ, 24 ಮಂದಿಯಿದ್ದರೆ 10 ನಿಮಿಷ. ಹತ್ತು ನಿಮಿಷದಲ್ಲಿ ನಕ್ಷೆ ಬಿಚ್ಚಿ, ಛೇದಚಿತ್ರ (ಕಟ್ಟಡವನ್ನು ಸೀಳಿದಂತೆ ತೋರಿಸುವ ಚಿತ್ರ) ಓದಿ, ನಿವೇಶನದ ಇಳಿಜಾರನ್ನು ಗಮನಿಸುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಆಗ ಅಧ್ಯಾಪಕರು ವಿದ್ಯಾರ್ಥಿಯ ಯೋಚನೆಯನ್ನು ಆಲಿಸುವ ಬದಲು ‘ಮೆಟ್ಟಿಲನ್ನು ಅತ್ತ ಸರಿಸಿ’ ಎಂದು ಹೇಳಿ ಮುಂದಿನ ಮೇಜಿಗೆ ಹೋಗುತ್ತಾರೆ. ಇದು ಅವರ ಅಸಡ್ಡೆಯಲ್ಲ, ಹೊತ್ತು ಸಾಲದ್ದರ ಫಲ.

ವಿಭಾಗಗಳು ಕೊಡುವ ಅಧ್ಯಾಪಕ-ವಿದ್ಯಾರ್ಥಿಗಳ ಒಟ್ಟು ಅನುಪಾತ ಈ ಸಂಗತಿಯನ್ನು ಮರೆಮಾಡಬಲ್ಲದು. ದೀರ್ಘ ರಜೆಯಲ್ಲಿರುವವರು, ಆಡಳಿತದ ಹೊಣೆ ಹೊತ್ತು ವಾರಕ್ಕೊಂದು ತರಗತಿ ತೆಗೆದುಕೊಳ್ಳುವವರು, ಇತಿಹಾಸ ಅಥವಾ ರಚನಾಶಾಸ್ತ್ರವನ್ನಷ್ಟೇ ಕಲಿಸುವವರು, ವಾರದಲ್ಲಿ ಒಂದು ಮಧ್ಯಾಹ್ನ ಬರುವ ಅತಿಥಿ ಅಧ್ಯಾಪಕರು, ಎಲ್ಲರೂ ಅದರಲ್ಲಿ ಒಂದೊಂದು ತಲೆಯಾಗಿ ಸೇರಿರುತ್ತಾರೆ. ಪ್ರತಿಯೊಬ್ಬರ ಬೋಧನೆಯ ಗಂಟೆಗಳನ್ನು ಪೂರ್ಣಾವಧಿ ಹುದ್ದೆಗೆ ಸಮೀಕರಿಸಿ, ಸ್ಟುಡಿಯೊದಲ್ಲಿ ನಿಲ್ಲುವವರನ್ನು ಪ್ರತ್ಯೇಕವಾಗಿ ಎಣಿಸುತ್ತೇನೆ. ಅತಿಥಿಗಳಾಗಿ ಬರುವ ವೃತ್ತಿನಿರತ ವಾಸ್ತುಶಿಲ್ಪಿಗಳು ಈ ಶಿಕ್ಷಣಕ್ಕೆ ಬೇಕೇ ಬೇಕು. ಕಟ್ಟಡ ಮೇಲೇಳುವಾಗ ಗುತ್ತಿಗೆದಾರರೊಂದಿಗೆ, ಅಳತೆಗಳೊಂದಿಗೆ ಹೆಣಗಿದ ಅನುಭವವನ್ನು ಅವರಂತೆ ತರಗತಿಗೆ ತರುವವರು ಬೇರೆ ಇಲ್ಲ. ಆದರೆ ಮೊದಲ ವರ್ಷದ ಸ್ಟುಡಿಯೊ ಪೂರ್ತಿಯಾಗಿ ಅವರ ಮೇಲೆಯೇ ನಿಂತಿದ್ದರೆ ಅದನ್ನು ವರದಿಯಲ್ಲಿ ಕೊರತೆಯೆಂದೇ ಬರೆಯುತ್ತೇನೆ. ನೋಡುವುದನ್ನೂ ಅಳೆಯುವುದನ್ನೂ ಗೆರೆ ಎಳೆಯುವುದನ್ನೂ ಕಲಿಯುವ ಆ ವರ್ಷದಲ್ಲಿ, ದಿನವೂ ಸಿಗುವ ಅನುಭವಿ ಅಧ್ಯಾಪಕರು ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಠಡಿಗಳನ್ನು ವಿಭಾಗದ ಸಂಯೋಜಕರ ಜೊತೆ ಒಮ್ಮೆ ನೋಡಿದ ಮೇಲೆ, ಅನುಮತಿ ಪಡೆದು ಸಂಜೆ ಇನ್ನೊಮ್ಮೆ ಒಬ್ಬನೇ ನೋಡುತ್ತೇನೆ. ಪ್ರತಿ ವಿದ್ಯಾರ್ಥಿಗೂ ಸ್ವಂತ ಮೇಜು ಇದೆಯೇ, ಅದರ ಮೇಲೆ 594 × 841 ಮಿಲಿಮೀಟರಿನ ಎ1 ಹಾಳೆ ಹರಡಿದ ನಂತರವೂ ಕಟ್ಟಡದ ಮಾದರಿ ಇಡಲು ಜಾಗ ಉಳಿಯುತ್ತದೆಯೇ, ಅರ್ಧ ಮಾಡಿದ ಮಾದರಿಯನ್ನು ರಾತ್ರಿ ಅಲ್ಲಿಯೇ ಬಿಟ್ಟುಹೋಗಬಹುದೇ ಎಂದು ಪರೀಕ್ಷಿಸುತ್ತೇನೆ. ಮೇಜಿನ ಮಟ್ಟದಲ್ಲಿ ಬೆಳಕನ್ನು ಮಾಪಕದಿಂದ ಅಳೆಯುತ್ತೇನೆ. ತಾಂತ್ರಿಕ ರೇಖಾಚಿತ್ರದ ಕೊಠಡಿಗೆ ಯುರೋಪಿನ ಮಾನದಂಡ 750 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಎನ್ನುತ್ತದೆ. ಗ್ರಂಥಾಲಯ, ದೊಡ್ಡ ನಕ್ಷೆ ಮುದ್ರಿಸುವ ಪ್ಲಾಟರ್, ತಂತ್ರಾಂಶದ ಪರವಾನಗಿಗಳನ್ನು ಪರಿಶೀಲಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹೊತ್ತು ಬೇಕಾಗುವುದು ಕಾರ್ಯಾಗಾರಕ್ಕೆ. ಪಟ್ಟಿಯಲ್ಲಿ ಬ್ಯಾಂಡ್ ಗರಗಸ, ಲೇಸರ್ ಕಟರ್, ತ್ರೀಡಿ ಪ್ರಿಂಟರ್ ಇರುತ್ತವೆ. ಬಾಗಿಲು ಎಷ್ಟು ಗಂಟೆ ತೆರೆದಿರುತ್ತದೆ ಎಂಬುದು ಇರುವುದಿಲ್ಲ. ಆದ್ದರಿಂದ ಬಳಕೆಯ ದಾಖಲೆ ಪುಸ್ತಕವನ್ನು ಕೇಳಿ, ವಿನ್ಯಾಸ ಸಲ್ಲಿಕೆಯ ಹಿಂದಿನ ವಾರದ ಪುಟಗಳನ್ನು ಓದುತ್ತೇನೆ. ಒಬ್ಬರೇ ತಂತ್ರಜ್ಞರಿರುವ ಕಾರ್ಯಾಗಾರ ಅವರು ರಜೆ ಹಾಕಿದ ದಿನ ಮುಚ್ಚುತ್ತದೆ, ಇಲ್ಲವೇ ಯಾರ ಉಸ್ತುವಾರಿಯೂ ಇಲ್ಲದೆ ನಡೆಯುತ್ತದೆ. ಎರಡನೆಯದು ಹೆಚ್ಚು ಕಳವಳಕಾರಿ. ಪಿವಿಸಿ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬಂದು ಶ್ವಾಸಕೋಶಕ್ಕೂ ಯಂತ್ರಕ್ಕೂ ಹಾನಿ ಮಾಡುತ್ತದೆ. ಮರದ ದೂಳು ಕ್ಯಾನ್ಸರ್ ಕಾರಕವೆಂದು ವರ್ಗೀಕೃತವಾಗಿದೆ. ಇವನ್ನು ವಿದ್ಯಾರ್ಥಿಗೆ ತಿಳಿಸಿ ತಡೆಯುವವರು ತಂತ್ರಜ್ಞರೇ. ಬೋಧಕೇತರ ಸಿಬ್ಬಂದಿ ಎಂದು ಪಟ್ಟಿಯ ಕೊನೆಯಲ್ಲಿ ಸೇರಿಸಿದ ಅವರನ್ನು ನಾನು ಬೋಧಕರೆಂದೇ ಭಾವಿಸಿ, ವಿಭಾಗದ ಮುಖ್ಯಸ್ಥರಿಗೆ ಕೊಟ್ಟಷ್ಟೇ ಸಮಯವನ್ನು ಅವರಿಗೂ ಕೊಟ್ಟು ಮಾತನಾಡಿಸುತ್ತೇನೆ.

ವಿದ್ಯಾರ್ಥಿಗಳನ್ನು ಅಧ್ಯಾಪಕರ ಅನುಪಸ್ಥಿತಿಯಲ್ಲಿ ಭೇಟಿಯಾಗುತ್ತೇನೆ. ಸೌಲಭ್ಯ ಚೆನ್ನಾಗಿದೆಯೇ ಎಂದು ಅವರನ್ನು ಕೇಳುವುದಿಲ್ಲ. ಹಿಂದಿನ ಮಾದರಿಯನ್ನು ಎಲ್ಲಿ ಕುಳಿತು ಮಾಡಿದಿರಿ, ಹೊರಗೆ ದುಡ್ಡು ಕೊಟ್ಟು ಕತ್ತರಿಸಿ ತಂದಿರಾ ಎಂದು ಕೇಳುತ್ತೇನೆ. ಆ ಉತ್ತರಗಳು ದಾಖಲೆ ಪುಸ್ತಕದೊಂದಿಗೆ ಹೊಂದದಿದ್ದರೆ ಮತ್ತೊಮ್ಮೆ ಕಾರ್ಯಾಗಾರಕ್ಕೆ ಹೋಗುತ್ತೇನೆ.

ಶಿಫಾರಸು ಬರೆಯುವ ಹಂತದಲ್ಲಿ ಹೊಸ ಯಂತ್ರವನ್ನು ಸೂಚಿಸುವುದು ಸುಲಭ, ಏಕೆಂದರೆ ಅದು ಒಮ್ಮೆ ಮಾಡಿ ಮುಗಿಸುವ ಖರ್ಚು. ಹುದ್ದೆಯೊಂದನ್ನು ಮಂಜೂರು ಮಾಡಿದರೆ ಪ್ರತಿವರ್ಷವೂ ಸಂಬಳ ಕೊಡಬೇಕು. ಕಾರ್ಯಾಗಾರ ಸಂಜೆ ಮುಚ್ಚುವ ವಿಭಾಗಗಳಿಗೆ ನಾನು ಮೊದಲ ಸಾಲಿನಲ್ಲಿ ಎರಡನೆಯ ತಂತ್ರಜ್ಞರ ಹುದ್ದೆಯನ್ನು, ನಂತರ ಸಂಜೆಯ ಪಾಳಿಯನ್ನು ಸೂಚಿಸಿ, ಅವೆರಡೂ ಜಾರಿಗೆ ಬಂದ ಮೇಲೆಯೇ ಯಂತ್ರ ಖರೀದಿಯನ್ನು ಪರಿಗಣಿಸಬೇಕೆಂದು ಬರೆಯುತ್ತೇನೆ.