ಏಳೂವರೆಯ ಫೋನ್

"ಅಲ್ಲಿ ಊಟ ಸರಿಯಾಗಿ ಹಾಕ್ತಾರೇನೇ?" ನನ್ನ ಸೋದರತ್ತೆಯ ಮಗಳು ಈಗಲೂ ಕೇಳುತ್ತಾಳೆ, ಅದೂ ದನಿ ತಗ್ಗಿಸಿ. ಅವಳ ಲೆಕ್ಕದಲ್ಲಿ ನಾನಿರುವುದು ವೃದ್ಧಾಶ್ರಮ. ಮಗ ತಂದು ಬಿಟ್ಟುಹೋದ, ಪಾಪ. ವಯಸ್ಸಾದವರು ತಂತಮ್ಮ ಮನೆ ಮಾಡಿಕೊಂಡು ಇರುವ, ಮೈಸೂರಿನ ಹೊರಗಿನ ಈ ಜಾಗ ಹುಡುಕಿದವಳು ನಾನು. ಬೆಂಗಳೂರಿನ ಮನೆ ಮಾರಿ ದುಡ್ಡು ಕಟ್ಟಿದವಳೂ ನಾನೇ. ಬೇಡಮ್ಮಾ ಅಂತ ಅತ್ತವನು ಮಗ. ಇದನ್ನೆಲ್ಲ ಅವಳಿಗೆ ಮೂರು ಸಲ ಹೇಳಿದ್ದೇನೆ. ನಾಲ್ಕನೇ ಸಲ "ಹೂಂ, ಹಾಕ್ತಾರೆ ಕಣೇ" ಅಂದು ಸುಮ್ಮನಾದೆ.

ನನಗೀಗ 74. ದೂರವಾಣಿ ಇಲಾಖೆಯಲ್ಲಿ ಆಪರೇಟರ್ ಆಗಿದ್ದೆ. ಟ್ರಂಕ್ ಕಾಲ್ ಕಾಲದಿಂದ ಶುರುಮಾಡಿ, 197ಕ್ಕೆ ಫೋನ್ ಮಾಡಿದವರಿಗೆ ನಂಬರ್ ಹುಡುಕಿ ಕೊಟ್ಟು, ಇಲಾಖೆ 2000ದಲ್ಲಿ ಬಿಎಸ್‌ಎನ್‌ಎಲ್ ಆದಮೇಲೂ ಅಲ್ಲೇ ಇದ್ದು, 2011ರಲ್ಲಿ ನಿವೃತ್ತಿಯಾದೆ. ಯಜಮಾನರು ಹೋಗಿ ಎರಡು ವರ್ಷಕ್ಕೆ, 2021ರ ಡಿಸೆಂಬರಿನಲ್ಲಿ ಇಲ್ಲಿಗೆ ಬಂದೆ. ಒಂದು ಬೆಡ್‌ರೂಮು, ಪುಟ್ಟ ಅಡುಗೆಮನೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಮಂಚದ ಪಕ್ಕ ಕೆಂಪು ಗುಂಡಿ. ಇಂಥ ಮನೆಗಳು ಒಟ್ಟು 64.

ದುಡ್ಡು ಕಟ್ಟುವ ಮೊದಲು ಹದಿನೈದು ದಿನ ಬಾಡಿಗೆ ಕೊಟ್ಟು ಇದ್ದು ನೋಡಿದ್ದೆ. ಅದೊಂದು ಒಳ್ಳೆಯ ಕೆಲಸ ಮಾಡಿದೆ. ಆದರೆ ಹದಿನೈದು ದಿನದಲ್ಲಿ ಗೊತ್ತಾಗುವುದು ನಲ್ಲಿ, ಲಿಫ್ಟು, ಸಾರಿನ ರುಚಿ ಇಷ್ಟೇ.

ಮೊದಲ ಆರು ತಿಂಗಳು ನಾನು ಯಾವುದನ್ನೂ ತಪ್ಪಿಸಲಿಲ್ಲ. ಬೆಳಿಗ್ಗೆ ಯೋಗ, ಗುರುವಾರ ಭಜನೆ, ಶನಿವಾರ ತಂಬೋಲ. ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಕ್ಕೆಲ್ಲ ಹಾಜರ್. ಒಂದು ದಿನ ಸುಮ್ನೆ ಎಣಿಸಿದೆ. ಇಷ್ಟು ದಿನದಲ್ಲಿ ನನ್ನ ಮನೆಯೊಳಗೆ ಬಂದು ಕೂತು ಕಾಫಿ ಕುಡಿದವರು ಇಬ್ಬರು. ಅದರಲ್ಲಿ ಒಬ್ಬರು ಪ್ಲಂಬರ್. ನಾನು ಹೋಗದಿದ್ದರೂ ಯೋಗ ನಡೆಯುತ್ತದೆ, ತಂಬೋಲಾನೂ ನಡೆಯುತ್ತದೆ. ನಾನಿಲ್ಲ ಅಂದರೆ ನಿಂತುಹೋಗುವಂಥದ್ದು ಇಲ್ಲಿ ಒಂದೂ ಇರಲಿಲ್ಲ.

ಆಗಲೇ ಮೇಲಿನ ಮಹಡಿಯ ರೈಲ್ವೆಯವರಿಗೆ ಜ್ವರ ಬಂದಿದ್ದು. ಸ್ಟೇಷನ್ ಮಾಸ್ಟರ್ ಆಗಿದ್ದವರು, ಒಬ್ಬರೇ ಇರುತ್ತಾರೆ. ಊಟದ ಹಾಲಿಗೆ ಬರುವುದೇ ಅಪರೂಪವಾದ್ದರಿಂದ ಎರಡು ದಿನ ಬರದಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಕೆಂಪು ಗುಂಡಿ ಒತ್ತಬಾರದಿತ್ತೇ ಅಂದರೆ, "ಜ್ವರಕ್ಕೆಲ್ಲ ಒತ್ತುತ್ತಾರೇನ್ರೀ" ಅಂದರು. ಅವರು ಹೇಳಿದ್ದೂ ಸರಿಯೇ. ಸಾಯುವಂಥದ್ದಾದರೆ ಮಾತ್ರ ಒತ್ತಬೇಕು ಅಂತ ನಾವೆಲ್ಲ ಒಳಗೊಳಗೇ ಅಂದುಕೊಂಡಿರುತ್ತೇವೆ.

ನನಗೆ ಬರುವ ವಿದ್ಯೆ ಒಂದೇ, ಫೋನಿನದು. ಹನ್ನೊಂದು ಮನೆಗಳ ಒಂದು ಸರಪಳಿ ಮಾಡಿದೆ. ಬೆಳಿಗ್ಗೆ ಏಳಕ್ಕೆ ನಾನು ಮೊದಲನೆಯವರಿಗೆ ಫೋನ್ ಮಾಡುತ್ತೇನೆ, ಅವರು ಎರಡನೆಯವರಿಗೆ, ಹೀಗೆ ಸುತ್ತಿ ಕೊನೆಯವರು ಏಳೂವರೆಯೊಳಗೆ ನನಗೇ ಮಾಡಬೇಕು. ಎರಡು ಸಲ ರಿಂಗ್ ಕೊಟ್ಟರೂ ಎತ್ತಲಿಲ್ಲವೋ, ಫೋನ್ ಮಾಡಿದವರೇ ಹೋಗಿ ಬಾಗಿಲು ತಟ್ಟಬೇಕು. ಒಂದು ಬದಲಿ ಕೀಲಿ ಗೇಟಿನ ಸೆಕ್ಯುರಿಟಿಯವರ ಹತ್ತಿರ. ಎಲ್ಲರಿಗೂ ನಾನೇ ಮಾಡಬಹುದಿತ್ತು. ಮಾಡಿದ್ದರೆ ನಾನು ಹಾಸ್ಟೆಲ್ ವಾರ್ಡನ್ ಆಗುತ್ತಿದ್ದೆ, ಅಷ್ಟೆ.

ಜನರನ್ನು ಒಪ್ಪಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. "ನಮಗೇನಾಗಿದೆ ಅಂತ ಮೇಡಂ?" ಅಂತ ಮುಖ ಗಂಟು ಹಾಕಿಕೊಂಡರು, ಗಂಡಸರಂತೂ ಜಾಸ್ತಿ. ಆಮೇಲೆ ಮಾತು ಬದಲಾಯಿಸಿದೆ. ಐದನೆಯವರ ಹತ್ತಿರ ಹೋಗಿ, "ಆರನೇ ಮನೆಯವರಿಗೆ ದಿನಾ ಒಂದು ಫೋನ್ ಮಾಡ್ತೀರಾ ಸಾರ್? ಪಾಪ, ಒಬ್ಬರೇ ಇದ್ದಾರೆ" ಅಂದೆ. ಆರನೆಯವರ ಹತ್ತಿರ ಏಳನೆಯವರ ಬಗ್ಗೆ ಅದನ್ನೇ ಹೇಳಿದೆ. ಎಲ್ಲರೂ ಒಪ್ಪಿದರು. ಇವತ್ತಿಗೂ ಪ್ರತಿಯೊಬ್ಬರೂ ತಾವು ಇನ್ನೊಬ್ಬರಿಗೆ ಉಪಕಾರ ಮಾಡುತ್ತಿದ್ದೇವೆ ಅಂತಲೇ ತಿಳಿದಿದ್ದಾರೆ. ಒಂದೇ ನಿಮಿಷ ಮಾತು, ಕಾಯಿಲೆ ಸುದ್ದಿ ಬೇಡ ಅಂತ ನಿಯಮ ಮಾಡಿದ್ದೆ. ಅದನ್ನು ಯಾರೂ ಪಾಲಿಸುವುದಿಲ್ಲ.

ಸರಪಳಿ ಶುರುವಾದ ಮೇಲೆ ಉಳಿದದ್ದು ತಾನಾಗಿಯೇ ಬಂತು. ನವೆಂಬರ್ ಬಂದರೆ ಪಿಂಚಣಿಯವರಿಗೆಲ್ಲ ಬದುಕಿದ್ದೇವೆ ಅಂತ ತೋರಿಸುವ ಜೀವನ ಪ್ರಮಾಣಪತ್ರದ ಚಿಂತೆ, ಅಲ್ವಾ? ವಯಸ್ಸಾದ ಬೆರಳಿನ ಗೆರೆ ಸವೆದಿರುತ್ತದೆ, ಬೆರಳಚ್ಚಿನ ಯಂತ್ರ ಹಿಡಿಯುವುದೇ ಇಲ್ಲ. ಮುಖ ತೋರಿಸಿಯೇ ಮೊಬೈಲಿನಲ್ಲಿ ಮುಗಿಸಬಹುದು ಅಂತ ನಾನು ಕಲಿತುಕೊಂಡೆ. ಈಗ ಊಟದ ಹಾಲಿನ ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಆಧಾರ್, ಪಿಪಿಒ ಅಂದರೆ ಪಿಂಚಣಿ ಆದೇಶದ ನಂಬರು, ಬ್ಯಾಂಕ್ ಖಾತೆ ನಂಬರು ಬರೆದುಕೊಂಡು ಬರಬೇಕು. ಬೆಳಕು ಬೆನ್ನಿಗೆ ಬೀಳದೆ ಮುಖಕ್ಕೆ ಬೀಳಬೇಕು, ಕನ್ನಡಕ ತೆಗೆಯಬೇಕು, ಹೇಳಿದಾಗ ಕಣ್ಣು ಮಿಟುಕಿಸಬೇಕು. ಈ ಕೊನೆಯದೇ ಕಷ್ಟ. ಮಿಟುಕಿಸಿ ಅಂದರೆ ಗಟ್ಟಿಯಾಗಿ ಮುಚ್ಚಿಕೊಂಡು ದೇವರ ಮುಂದೆ ನಿಂತ ಹಾಗೆ ಕೂರುತ್ತಾರೆ. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಅಕ್ಟೋಬರಿನಲ್ಲೇ ಕೊಡಬಹುದಾದ್ದರಿಂದ ಅವರದನ್ನು ಮೊದಲೇ ಮುಗಿಸಿಬಿಡುತ್ತೇನೆ.

ದಸರೆಯದು ಬೇರೆಯೇ ಕಥೆ. ಎಲ್ಲರ ಮನೆಯಲ್ಲೂ ಟ್ರಂಕಿನಲ್ಲಿ ಗೊಂಬೆ ಇವೆ, ಮೆಟ್ಟಿಲು ಕಟ್ಟಲು ಜಾಗ ಇಲ್ಲ. ಹಾಲಿನಲ್ಲಿ ಒಟ್ಟಿಗೇ ಕೂರಿಸೋಣ ಅಂದೆವು. ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆ ಯಾರದು? ಅದು ತವರಿನಿಂದ ಬಂದದ್ದು, ಮದುವೆಯಲ್ಲಿ ಅಮ್ಮ ಕೊಟ್ಟದ್ದು. ಯಾರು ಬಿಟ್ಟುಕೊಡುತ್ತಾರೆ? ಮೂರು ದಿನ ಜಗಳವಾಯಿತು, ಇಬ್ಬರು ಮಾತು ಬಿಟ್ಟರು. ಕೊನೆಗೆ ಏಳು ಜೋಡಿ ರಾಜರಾಣಿಯರು ಒಂದೇ ಮೆಟ್ಟಿಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತರು, ಬಸ್ಸಿಗೆ ಕಾಯುತ್ತಿರುವ ಹಾಗೆ. ಒಂದು ಜೋಡಿಯ ರಾಣಿಗೆ ಮೂಗೇ ಇಲ್ಲ, ಐವತ್ತೈದು ವರ್ಷದ ಹಿಂದೆ ಇಲಿ ತಿಂದದ್ದಂತೆ. ಸಂಜೆ ಪಕ್ಕದ ಹಳ್ಳಿಯ ಮಕ್ಕಳು ಬಂದು "ಅಜ್ಜೀ, ಗೊಂಬೆ ಕೂರಿಸಿದ್ದೀರಾ?" ಅಂದಾಗ ಮಾತು ಬಿಟ್ಟಿದ್ದ ಇಬ್ಬರೂ ಸೇರಿಯೇ ಕೋಡುಬಳೆ ಹಂಚಿದರು. ಆಮೇಲೆ ಮತ್ತೆ ಬಿಟ್ಟರು ಅನ್ನಿ.

ಹೊರಗೆ ಹೋಗುವುದನ್ನು ಮಾತ್ರ ನಾನು ಹಟ ಹಿಡಿದು ಮಾಡುತ್ತೇನೆ. ಕಾಂಪೌಂಡಿನೊಳಗೇ ಇದ್ದರೆ ಎಷ್ಟು ಚಟುವಟಿಕೆಯಿದ್ದರೂ ಮಾತೆಲ್ಲ ಸಾರಿನ ಉಪ್ಪಿನ ಮೇಲೇ ತಿರುಗುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ತಿಂಗಳಿಗೊಂದು ಬುಧವಾರ ಐದಾರು ಜನ ಹೊರಡುತ್ತೇವೆ. ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಕಾಲು ನೆನೆಸಿ ರಸಬಾಳೆ ತಂದೆವು. ಇನ್ನೊಮ್ಮೆ ಸುಮ್ನೆ ದೇವರಾಜ ಮಾರುಕಟ್ಟೆಗೆ, ಮೈಸೂರು ಮಲ್ಲಿಗೆ ಕೊಳ್ಳಲು. ಮುಂಬೈಯಿಂದ ಬಂದ ಒಬ್ಬರ ಆಧಾರ್‌ನಲ್ಲಿ ಅಲ್ಲಿಯದೇ ವಿಳಾಸವಿತ್ತು, ಕಂಡಕ್ಟರ್ ದುಡ್ಡು ಕೇಳಿದ. ಮಾರನೆಯ ವಾರವೇ ಹೋಗಿ ವಿಳಾಸ ಬದಲಾಯಿಸಲು ಕೊಟ್ಟುಬಂದರು. ಮೂರು ವರ್ಷದಿಂದ ಮಗ ಹೇಳುತ್ತಿದ್ದ ಕೆಲಸವನ್ನು ಫ್ರೀ ಬಸ್ಸಿನ ಶೂನ್ಯ ಟಿಕೆಟ್ ಮಾಡಿಸಿತು.

ಕಷ್ಟದ್ದನ್ನೂ ಹೇಳಬೇಕು. ಇಲ್ಲಿ ಜನ ಸಾಯುತ್ತಾರೆ. ಊರಲ್ಲಿ, ಬೀದಿಯಲ್ಲಿ ವರ್ಷಕ್ಕೊಂದಾದರೆ ಇಲ್ಲಿ ಹಾಗಲ್ಲ. ಮಧ್ಯಾಹ್ನ ಮೂರಕ್ಕೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ನಾವು ನಾಲ್ವರು ಚೌಕಾಬಾರ ಆಡುತ್ತಿದ್ದೆವು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ ಅಂತ ಹೆಡ್‌ಮೇಡಂ ವಾದಿಸುತ್ತಿದ್ದರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿದ್ದ ದನಿಯಲ್ಲೇ. ಹೊಡೆದರೆ ಮಾತ್ರ ಕೋಪ ಮಾಡಿಕೊಳ್ಳುತ್ತಿದ್ದರು. ಹೋದ ವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಬೆಂಚಿನ ಮೇಲೆ ಅವರು ಬರೆದ ಗೆರೆಗಳು ಇನ್ನೂ ಇದ್ದವು. ಎರಡು ವಾರ ನಾವ್ಯಾರೂ ಆ ಕಡೆ ಹೋಗಲಿಲ್ಲ. ಹೊಸ ಸ್ನೇಹ ಬೇಡಪ್ಪ ಅಂತಲೇ ಅನ್ನಿಸಿತ್ತು ನನಗೆ. ಒಂದು ಸಂಜೆ ಮಳೆ ಬಂದು ಗೆರೆ ಅಳಿಸಿಹೋಯಿತು. ಮಾರನೆಯ ದಿನ ಸ್ಟೇಷನ್ ಮಾಸ್ಟರ್ ಒಬ್ಬರೇ ಕೂತು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ಸೊಟ್ಟಸೊಟ್ಟ. ಅಷ್ಟು ದಿನ ಹಿಂದೆ ನಿಂತು ಬುದ್ಧಿ ಹೇಳುತ್ತಿದ್ದ ಮನುಷ್ಯ. "ಕವಡೆ ಎಲ್ಲಿ?" ಅಂದರು. ಕವಡೆ ನನ್ನ ಪರ್ಸಿನಲ್ಲೇ ಇದ್ದವು. ಮೊದಲ ಆಟಕ್ಕೇ ಅವರಿಗೆ ಬಾರ ಬಿತ್ತು.

ಹೆಡ್‌ಮೇಡಂ ಮನೆಗೆ ಈಗ ಹೊಸಬರು ಬಂದಿದ್ದಾರೆ. ಮಿಲಿಟರಿಯಲ್ಲಿದ್ದವರು, ಮನೆಯಲ್ಲೂ ಬೂಟು. "ಫೋನ್ ಗೀನ್ ಎಲ್ಲ ನನಗಾಗಲ್ಲ" ಅಂದುಬಿಟ್ಟರು. ಸರಪಳಿಯಲ್ಲಿ ಕೊನೆಯ ಜಾಗ ಖಾಲಿಯಿತ್ತು. "ನನಗೊಂದು ಫೋನ್ ಮಾಡ್ತೀರಾ ಸಾರ್? ಒಬ್ಬಳೇ ಇದ್ದೀನಿ" ಅಂದೆ. ಈ ಸಲ ಸುಳ್ಳೇನೂ ಹೇಳಲಿಲ್ಲ.

ಅದಾಗಿ ಎರಡು ವಾರಕ್ಕೆ, ಏಳಕ್ಕೆ ಮೊದಲ ಫೋನ್ ಮಾಡಿ, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರಿಂದ ಸ್ನಾನಕ್ಕೆ ಹೋದೆ. ಬಿಸಿನೀರು ಹಿತವಾಗಿತ್ತು, ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಬಾಗಿಲು ದಬದಬ ಬಡಿದ ಸದ್ದಿಗೆ ನೈಟಿ ಸಿಕ್ಕಿಸಿಕೊಂಡು ತಲೆಗೆ ಟವೆಲ್ ಸುತ್ತಿ ಓಡಿ ಬಂದರೆ, ಕೀಲಿ ಹಿಡಿದ ಸೆಕ್ಯುರಿಟಿ ಹುಡುಗ, ಹಿಂದೆ ಸ್ಟೇಷನ್ ಮಾಸ್ಟರ್, ಎಲ್ಲರ ಮುಂದೆ ಬೂಟಿನವರು.

"ಏಳು ಮೂವತ್ತೆರಡು, ಮೇಡಂ" ಅಂದರು, ವಾಚು ತೋರಿಸಿ.

ಒಳಗೆ ಬನ್ನಿ, ಕಾಫಿ ಮಾಡ್ತೀನಿ ಅಂದೆ. ಸಕ್ಕರೆ ಬೇಡ ಅಂದರು, ಬೂಟಿನ ಲೇಸು ಬಿಚ್ಚುತ್ತಾ.